ತಂದೆ ಅಳಿಯಕಟ್ಟು, ತಾಯಿ ಮಕ್ಕಳಕಟ್ಟು: ಮಗು ಯಾರ ಮನೆಯದು?

ಬೆಣ್ಣೆನಗರಿ:

ನಾನು ದಾವಣಗೆರೆಯ ಲಿಂಗಾಯತ ಮನೆತನದವಳು. ನನ್ನ ಪತಿ ಕಾರ್ಕಳದ ಕಡೆಯ ಬಂಟರು. ಅವರದು ಕುಲ ತಾಯಿಯಿಂದ ಇಳಿಯುವ ಅಳಿಯಕಟ್ಟು, ನಮ್ಮದು ತಂದೆಯಿಂದ ಇಳಿಯುವ ಮಕ್ಕಳಕಟ್ಟು. ಮದುವೆಗೆ ಎರಡೂ ಮನೆಯವರ ಒಪ್ಪಿಗೆ ಇತ್ತು, ಇಂದಿಗೂ ಅವರ ಪ್ರೀತಿಗೆ ಕೊರತೆಯಿಲ್ಲ. ಹೀಗಾಗಿ ಇದನ್ನು ದೂರೆಂದು ಯಾರೂ ಓದಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಪತಿಯ ಕುಟುಂಬದ ಮನೆಯಲ್ಲಿ ದೈವಸ್ಥಾನದ ಜೀರ್ಣೋದ್ಧಾರ ನಡೆಯುತ್ತಿದ್ದು, ಆ ನೆಪದಲ್ಲಿ ವಂಶವೃಕ್ಷವನ್ನೂ ಬರೆಸುತ್ತಿದ್ದಾರೆ. ಅದರಲ್ಲಿ ಪತಿಯ ಹೆಸರಿದೆ. ಅವರ ಅಕ್ಕನ ಹೆಸರೂ, ಅಕ್ಕನ ಮಕ್ಕಳ ಹೆಸರುಗಳೂ ಇವೆ. ಪತಿಯ ಹೆಸರಿನ ಕೆಳಗೆ ಮಾತ್ರ ಏನೂ ಇಲ್ಲ. ವಿಚಾರಿಸಿದಾಗ ಹಿರಿಯರೊಬ್ಬರು ಸೌಜನ್ಯದಿಂದಲೇ, ಮಗು ತಾಯಿಯ ಬರಿಗೆ (ಕುಲಕ್ಕೆ) ಸೇರುತ್ತದೆ, ಇದರಲ್ಲಿ ಅನಾದರವೇನೂ ಇಲ್ಲ ಎಂದು ವಿವರಿಸಿದರು. ಆದರೆ ನನ್ನ ತವರಿನ ಲೆಕ್ಕದಲ್ಲಿ ಬೆಡಗು, ಅಂದರೆ ನಮ್ಮ ಕುಲ, ಬರುವುದು ತಂದೆಯಿಂದ, ಮದುವೆಯಾದ ಹೆಣ್ಣು ಗಂಡನ ಬೆಡಗಿಗೆ ಸೇರುತ್ತಾಳೆ. ಹಾಗಾಗಿ ನನ್ನ ಮಗಳನ್ನು ತಾಯಿಯ ಕಡೆಯವರು ತಂದೆಯ ಕಡೆಗೂ ತಂದೆಯ ಕಡೆಯವರು ತಾಯಿಯ ಕಡೆಗೂ ತೋರಿಸುತ್ತಿದ್ದಾರೆ. ಇದೇ ಮದುವೆ ತಿರುಗುಮುರುಗಾಗಿ, ಬಂಟರ ಹುಡುಗಿ ನಮ್ಮ ಮನೆಗೆ ಸೊಸೆಯಾಗಿ ಬಂದಿದ್ದರೆ, ಅದೇ ಮಗುವನ್ನು ಎರಡೂ ಕಡೆಯವರು ತಮ್ಮದೆನ್ನುತ್ತಿದ್ದರು.

ಬೇರೆ ಸಮುದಾಯಗಳಲ್ಲಿ, ಬೇರೆ ಧರ್ಮಗಳಲ್ಲಿ ಇಂಥ ಮಗುವನ್ನು ಎಲ್ಲಿ ಸೇರಿಸುತ್ತಾರೆ ಎಂದು ಬಲ್ಲವರು ತಿಳಿಸಬೇಕು.

ಮೂಡುಬಿದಿರೆ ಮಾಸ್ಟ್ರು:

ಹಿರಿಯರು ಹೇಳಿದ್ದು ಕಟ್ಟಿನ ಪ್ರಕಾರ ಸರಿ, ಆದರೆ ಅವರು ಅರ್ಧ ಮಾತ್ರ ಹೇಳಿದ್ದಾರೆ. ಉಳಿದದ್ದನ್ನು ನಾನು ಹೇಳಲು ಯತ್ನಿಸುತ್ತೇನೆ.

ಅಳಿಯಕಟ್ಟು ಬಂಟರಿಗೆ ಮಾತ್ರ ಸೀಮಿತವಾದುದಲ್ಲ. ಬಿಲ್ಲವರು, ಮೊಗವೀರರು, ದೇವಾಡಿಗರು, ಈ ಕರಾವಳಿಯ ಜೈನರು ಕೂಡ ಇದನ್ನೇ ಅನುಸರಿಸಿದವರು. ಭೂತಾಳಪಾಂಡ್ಯನ ಕಥೆಯನ್ನು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ: ಕುಂಡೋದರನೆಂಬ ಭೂತ ಬಲಿ ಕೇಳಿದಾಗ ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸಿದಳು, ಆದ್ದರಿಂದ ಆಸ್ತಿ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ, ಸಲ್ಲಲಿ ಎಂದು ಅರಸನು ಕಟ್ಟು ಮಾಡಿದನು. ಇದು ಕಥೆಯೇ ಹೊರತು ಚರಿತ್ರೆಯಲ್ಲ. ಮಾತೃಮೂಲ ಪದ್ಧತಿ ಒಬ್ಬ ಅರಸನ ಆಜ್ಞೆಯಿಂದ ಒಂದು ದಿನದಲ್ಲಿ ಹುಟ್ಟುವಂಥದ್ದಲ್ಲ. ಆದರೆ ಸಂಕಟ ಬಂದಾಗ ಹೆಂಡತಿಗಿಂತ ಒಡಹುಟ್ಟಿದವಳೇ ಹತ್ತಿರ ಎಂಬ ಭಾವನೆ ಆ ಕಥೆಯ ಒಳಗೆ ಸ್ಪಷ್ಟವಾಗಿ ಕಾಣುತ್ತದೆ.

ಘಟ್ಟದ ಮೇಲಿನವರು ಸಾಮಾನ್ಯವಾಗಿ ಮದುವೆಯೆಂದರೆ ಹೆಣ್ಣನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಒಪ್ಪಿಸುವುದು ಎಂದು ತಿಳಿಯುತ್ತಾರೆ. ನಮ್ಮ ಕಟ್ಟಿನಲ್ಲಿ ಧಾರೆಯೆರೆದ ಮೇಲೆ ಹೆಣ್ಣು ಗಂಡನ ಮನೆಯಲ್ಲಿ ಬಾಳಿದರೂ ಅವಳ ಬರಿ ಬದಲಾಗುವುದಿಲ್ಲ, ಅವಳ ಕುಟುಂಬ ಬದಲಾಗುವುದಿಲ್ಲ. ನನ್ನ ತಾಯಿ ಐವತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮ ತಂದೆಯ ಜೊತೆಗಿದ್ದರು. ಆದರೂ ಕುಟುಂಬದ ಪರ್ವಕ್ಕೆ ಅವರು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದುದು ತಮ್ಮ ತಾಯಿಯ ಮನೆಗೆ. ತಂದೆ ನಮ್ಮನ್ನು ಸಾಕಿದರು, ಓದಿಸಿದರು. ಕುಟುಂಬದ ಮಾತು ಬಂದಾಗ ಸೋದರಮಾವನ ಮಾತೇ ಕೊನೆಯದಾಗಿತ್ತು. ಹೀಗಾಗಿ ವಂಶವೃಕ್ಷದಲ್ಲಿ ಬಿಟ್ಟುಹೋದದ್ದು ನಿಮ್ಮ ಮಗಳೊಬ್ಬಳೇ ಅಲ್ಲ, ಆ ಕುಟುಂಬದ ಪ್ರತಿಯೊಬ್ಬ ಗಂಡಸಿನ ಮಕ್ಕಳೂ ಅಲ್ಲಿರುವುದಿಲ್ಲ. ನಿಮ್ಮ ಪತಿಯ ಸೋದರಮಾವನ ಮಕ್ಕಳನ್ನು ಹುಡುಕಿ ನೋಡಿ. ವ್ಯತ್ಯಾಸವಿಷ್ಟೇ, ಅವರಿಗೆ ತಮ್ಮ ತಾಯಿಯ ಮನೆಯ ಇನ್ನೊಂದು ವೃಕ್ಷದಲ್ಲಿ ಜಾಗವಿದೆ, ನಿಮ್ಮ ಮಗಳಿಗೆ ಅದಿಲ್ಲ. ಸುತ್ತಮುತ್ತ ಎಲ್ಲರೂ ಇದೇ ಕಟ್ಟಿನವರಾಗಿದ್ದ ಕಾಲದಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ.

ಹಾಸನದ ಹಳ್ಳಿಗ:

ಮಾಸ್ಟ್ರೇ, ನಮ್ಮ ಕಡೆ ಸೋದರಮಾವನಿಗೆ ಇನ್ನೊಂದು ಬಗೆಯ ಹಕ್ಕಿದೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹಿಂದಿನವರಲ್ಲಿ ತೀರ ಸಾಮಾನ್ಯವಾಗಿತ್ತು, ಬೇರೆ ಕಡೆ ಹೆಣ್ಣು ಕೊಡುವ ಮೊದಲು ಮಾವನನ್ನು ಕೇಳಬೇಕೆಂಬ ಮರ್ಯಾದೆ ಈಗಲೂ ಕೆಲವು ಮನೆಗಳಲ್ಲಿ ಉಳಿದಿದೆ. ನಿಮ್ಮಲ್ಲಿ?

ಮೂಡುಬಿದಿರೆ ಮಾಸ್ಟ್ರು:

ನಮ್ಮಲ್ಲಿ ಅದನ್ನು ಬಾಯಲ್ಲಿ ಆಡುವಂತೆಯೂ ಇಲ್ಲ. ಸೋದರಮಾವ ಮತ್ತು ಸೋದರಸೊಸೆ ಒಂದೇ ಬರಿಯವರು. ಒಂದೇ ಬರಿಯವರು ಎಷ್ಟೇ ದೂರದ ಅಪರಿಚಿತರಾದರೂ ಒಡಹುಟ್ಟಿದವರಿದ್ದಂತೆ. ಸೋದರಮಾವನ ಮಗಳು ಬೇರೆ ಬರಿಯವಳಾದ್ದರಿಂದ ಅವಳನ್ನು ತರಬಹುದು, ಅಂಥ ಮದುವೆಗಳು ಹೇರಳವಾಗಿ ನಡೆದಿವೆ. ಒಂದೇ ರಾಜ್ಯದಲ್ಲಿ ಘಟ್ಟದ ಮೇಲೆ ವರನಾಗಬಲ್ಲವನು ಘಟ್ಟದ ಕೆಳಗೆ ತಂದೆಯ ಸ್ಥಾನದಲ್ಲಿರುತ್ತಾನೆ.

ಬಂದರಿನವ:

ಈ ವಿಷಯದಲ್ಲಿ ಕರಾವಳಿಯ ಮುಸ್ಲಿಮರಾದ ನಾವು ಬ್ಯಾರಿಗಳು ನಿಮ್ಮಿಬ್ಬರಿಗೂ ಹೊರಗಿನವರು. ಕುರ್‌ಆನಿನ ನಾಲ್ಕನೆಯ ಅಧ್ಯಾಯದಲ್ಲಿ ಯಾರನ್ನು ಮದುವೆಯಾಗಬಾರದೆಂಬ ಪಟ್ಟಿಯಿದೆ. ಅದರಲ್ಲಿ ಅಣ್ಣತಮ್ಮಂದಿರ ಮತ್ತು ಅಕ್ಕತಂಗಿಯರ ಹೆಣ್ಣುಮಕ್ಕಳು ಸೇರಿರುವುದರಿಂದ ಹಾಸನದವರ ಸಂಬಂಧ ನಮ್ಮಲ್ಲಿ ನಿಷಿದ್ಧ. ಆದರೆ ಚಿಕ್ಕಪ್ಪ, ದೊಡ್ಡಪ್ಪಂದಿರ ಮಕ್ಕಳು ಆ ಪಟ್ಟಿಯಲ್ಲಿಲ್ಲ. ನಿಮ್ಮಿಬ್ಬರ ಪಾಲಿಗೂ ಅವರು ಅಣ್ಣತಂಗಿಯರು. ಅದೇ ಪಟ್ಟಿಯಲ್ಲಿ ಹಾಲುಣಿಸಿದ ತಾಯಿಯೂ, ಆಕೆಯ ಹಾಲುಂಡ ಸಹೋದರಿಯರೂ ಇದ್ದಾರೆ. ನಾವು ಅನುಸರಿಸುವ ಶಾಫಿ ಪಂಥದ ಪ್ರಕಾರ, ಎರಡು ವರ್ಷದೊಳಗಿನ ಮಗು ಒಬ್ಬ ಹೆಂಗಸಿನ ಹಾಲನ್ನು ಐದು ಬಾರಿ ಕುಡಿದರೆ ಆಕೆಯ ಮಕ್ಕಳು ಅದಕ್ಕೆ ಮದುವೆಯ ಮಟ್ಟಿಗೆ ಒಡಹುಟ್ಟಿದವರಾಗುತ್ತಾರೆ. ಹಾಲಿನ ಸಂಬಂಧಕ್ಕೆ ಆಸ್ತಿಯಲ್ಲಿ ಪಾಲಿಲ್ಲ. ಇತ್ತ ದತ್ತು ತೆಗೆದುಕೊಂಡ ಮಗುವನ್ನು ಎಷ್ಟೇ ಪ್ರೀತಿಯಿಂದ ಬೆಳೆಸಿದರೂ ಅದನ್ನು ಹೆತ್ತ ತಂದೆಯ ಹೆಸರಿನಿಂದಲೇ ಕರೆಯಬೇಕೆಂಬುದು ಗ್ರಂಥದ ಆದೇಶ. ಮದುವೆಯೋ ಒಪ್ಪಂದ: ಕೇಳುವುದು, ಒಪ್ಪುವುದು, ಸಾಕ್ಷಿಗಳು, ವರ ಕೊಡುವ ವಧುಧನವಾದ ಮಹರ್. ಮಹರ್ ವಧುವಿಗೇ ಸೇರಿದ್ದು, ಅವಳ ತಂದೆಗಲ್ಲ, ಮತ್ತು ಮದುವೆಯಾದ ಮೇಲೂ ಅವಳು ತನ್ನ ತಂದೆಯ ಮಗಳಾಗಿಯೇ ಉಳಿಯುತ್ತಾಳೆ.

ಶಾಸ್ತ್ರದ ಪ್ರಕಾರ ಮಗುವಿನ ವಂಶ ತಂದೆಯದು. ಆದರೆ ಶಾಸ್ತ್ರ ಹೇಳಿದೊಡನೆ ಕರಾವಳಿ ತನ್ನ ಕ್ರಮವನ್ನು ಬಿಟ್ಟಿತೆಂದು ತಿಳಿಯಬೇಡಿ. ಕಣ್ಣೂರು, ತಲಶ್ಶೇರಿ ಕಡೆಯ ಮಾಪಿಳ್ಳೆ ಮುಸ್ಲಿಮರಲ್ಲಿ ಗಂಡನೇ ಹೆಂಡತಿಯ ತರವಾಡಿಗೆ (ತಾಯಿಯ ಕಡೆಯ ಕೂಡುಕುಟುಂಬದ ಮನೆಗೆ) ಬಂದು ಇರುವ ರೂಢಿ ಬಹುಕಾಲ ನಡೆದಿದೆ, ಮನೆ ತಾಯಿಯಿಂದ ಮಗಳಿಗೆ ಹೋಗುತ್ತಿತ್ತು. ಲಕ್ಷದ್ವೀಪದಲ್ಲಿ ಇದಕ್ಕೆ ಸೊಗಸಾದ ಏರ್ಪಾಡೊಂದಿದೆ. ತಾಯಿಯ ಕಡೆಯಿಂದ ಬಂದ ತರವಾಡಿನ ಆಸ್ತಿಯನ್ನು ಶುಕ್ರವಾರದ ಸ್ವತ್ತೆಂದೂ, ಸ್ವಂತ ದುಡಿಮೆಯದನ್ನು ಸೋಮವಾರದ ಸ್ವತ್ತೆಂದೂ ಕರೆಯುತ್ತಾರೆ. ಮೊದಲನೆಯದು ಮಾತೃಮೂಲ ಕ್ರಮದಲ್ಲಿ ಇಳಿಯುತ್ತದೆ, ಎರಡನೆಯದು ಶರೀಯತ್ತಿನಂತೆ ಹಂಚಿಕೆಯಾಗುತ್ತದೆ. ಇಂಡೊನೇಷ್ಯಾದ ಪಶ್ಚಿಮ ಸುಮಾತ್ರಾದಲ್ಲಿರುವ ಮಿನಂಗ್ಕಬಾವು ಜನರದೂ ಹೆಚ್ಚುಕಡಿಮೆ ಇದೇ ದಾರಿ. ಅವರು ನಿಷ್ಠಾವಂತ ಮುಸ್ಲಿಮರು, ಪ್ರಪಂಚದ ಅತಿ ದೊಡ್ಡ ಮಾತೃಮೂಲ ಸಮಾಜವೂ ಅವರದೇ. ಆದ್ದರಿಂದ ಒಂದು ಧರ್ಮ ಕುಟುಂಬವನ್ನು ಹೀಗೇ ಕಟ್ಟುತ್ತದೆ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ, ಯಾವ ಊರಿನಲ್ಲಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ.

ಉಡುಪಿ ವಕೀಲೆ:

ಚರ್ಚೆ ದ್ವೀಪಾಂತರಕ್ಕೆ ಹೋಗುವ ಮೊದಲು ಕಾನೂನಿನ ಮಾತನ್ನು ಹೇಳಿಬಿಡುತ್ತೇನೆ, ಏಕೆಂದರೆ ಬೆಣ್ಣೆನಗರಿಯವರ ಪ್ರಶ್ನೆಯಲ್ಲಿ ಬರಿ ಮತ್ತು ಹಕ್ಕು ಎಂಬ ಎರಡು ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿವೆ.

ಬ್ರಿಟಿಷರ ಕಾಲದ ನ್ಯಾಯಾಲಯಗಳಿಗೆ ಅಳಿಯಸಂತಾನದ, ಅಂದರೆ ಅಳಿಯಕಟ್ಟಿನ, ಮದುವೆ ಅರ್ಥವೇ ಆಗಲಿಲ್ಲ. ಹೆಣ್ಣು ಗಂಡನ ಕುಟುಂಬಕ್ಕೆ ಸೇರುವುದಿಲ್ಲ, ಸುಲಭವಾಗಿ ಬಿಟ್ಟುಬರಬಹುದು, ಮಕ್ಕಳು ತಂದೆಯ ವಾರಸುದಾರರಲ್ಲ. ಇದು ಮದುವೆ ಹೇಗಾದೀತು ಎಂಬುದು ಅವರ ತರ್ಕ. ಸಾವಿರಾರು ಮನೆಗಳಲ್ಲಿ ಊರೆಲ್ಲ ನೆರೆದು ನಡೆಸಿದ ಧಾರೆಯನ್ನು ಅವರು ಕೇವಲ ಸಹವಾಸವೆಂದು ಎಣಿಸಿದರು. ಒಂದು ಸಮಾಜದ ಅಳತೆಗೋಲಿನಿಂದ ಇನ್ನೊಂದನ್ನು ಅಳೆದರೆ ಎಷ್ಟು ದೊಡ್ಡ ಅನ್ಯಾಯವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ಪಕ್ಕದ ಮಲಬಾರಿನಲ್ಲಿ ‘ಸಂಬಂಧ’ವೆಂಬ ಇಂಥದೇ ದಾಂಪತ್ಯವನ್ನು ನೋಂದಾಯಿಸಿ ಕಾನೂನುಬದ್ಧ ಮದುವೆಯಾಗಿಸಿಕೊಳ್ಳಲೆಂದು 1896ರಲ್ಲಿ ಕಾಯಿದೆ ಮಾಡಿದರೆ, ನೋಂದಾಯಿಸಲು ಬಂದವರು ಬಹಳ ಕಡಿಮೆ.

ಅನಂತರ ಬಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ. ಅಲ್ಲಿಯವರೆಗೆ ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿಯನ್ನು ಪಾಲು ಮಾಡುವಂತಿರಲಿಲ್ಲ. ಈ ಕಾಯಿದೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು, ಆದರೆ ಕವರುಗಳನ್ನು, ಅಂದರೆ ಕುಟುಂಬದ ಕವಲುಗಳನ್ನು, ಎರಡು ಬಗೆಯಾಗಿ ವಿಂಗಡಿಸಿತು. 50 ವರ್ಷ ತುಂಬದ ಹೆಣ್ಣು ಒಬ್ಬಳಾದರೂ ಇರುವುದು ಸಂತತಿ ಕವರು. ಇಲ್ಲದಿದ್ದರೆ ಅದು ನಿಸ್ಸಂತತಿ ಕವರು, ಅದಕ್ಕೆ ಸಾಮಾನ್ಯವಾಗಿ ಜೀವಮಾನದ ಅನುಭೋಗ ಮಾತ್ರ. ಮನೆ ತುಂಬ ಮಕ್ಕಳಿದ್ದ ಗಂಡಸು ಕೂಡ ಈ ಲೆಕ್ಕದಲ್ಲಿ ನಿಸ್ಸಂತತಿಯಾಗಬಹುದಿತ್ತು, ಏಕೆಂದರೆ ಆ ಮಕ್ಕಳು ಅವರ ತಾಯಿಯ ಕವರಿಗೆ ಸೇರಿದವರು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇದನ್ನು ಬದಲಿಸಿತು. ಏಳನೆಯ ಕಲಮಿನ ಪ್ರಕಾರ, ಕುಟುಂಬದ ಅವಿಭಕ್ತ ಆಸ್ತಿಯಲ್ಲಿ ಒಬ್ಬ ಸದಸ್ಯನಿಗಿರುವ ಪಾಲು ಅವನ ನಂತರ ಇದೇ ಕಾಯಿದೆಯಂತೆ ಇಳಿಯುತ್ತದೆ. ಅಂದರೆ ನಿಮ್ಮ ಪತಿಯ ಪಾಲಿಗೆ ಅವರ ತಾಯಿಯೊಂದಿಗೆ ನೀವೂ ನಿಮ್ಮ ಮಗಳೂ ವಾರಸುದಾರರು. ವಂಶವೃಕ್ಷದಲ್ಲಿ ಹೆಸರಿಲ್ಲವೆಂದು ಈ ಹಕ್ಕು ತಪ್ಪುವುದಿಲ್ಲ. ಹಾಗೆಂದು ಹಳೆಯ ಕಟ್ಟು ಪೂರ್ತಿ ಅಳಿಸಿಹೋಗಿಲ್ಲ. ಬೇರೆ ಹಿಂದೂ ಹೆಣ್ಣು ಉಯಿಲು ಬರೆಯದೆ ತೀರಿಕೊಂಡರೆ ಅವಳ ಸ್ವಯಾರ್ಜಿತ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ ಹೋಗುತ್ತದೆ. ಹೆತ್ತ ತಾಯಿಯ ಸರದಿ ಅದಾದ ಮೇಲೆ. ಅಳಿಯಸಂತಾನದ ಹೆಣ್ಣಿಗೆ ಹದಿನೇಳನೆಯ ಕಲಮು ಅನ್ವಯಿಸುತ್ತದೆ: ಮೊದಲು ಮಕ್ಕಳು ಮತ್ತು ತಾಯಿ, ಎರಡನೆಯ ಸಾಲಿನಲ್ಲಿ ತಂದೆ ಮತ್ತು ಗಂಡ, ಗಂಡನ ವಾರಸುದಾರರು ಎಲ್ಲರಿಗಿಂತ ಕೊನೆಗೆ. ಗಂಡನ ಮನೆಯವರು ಕಡೆಯ ಸಾಲಿನಲ್ಲಿ ನಿಲ್ಲುವ ಈ ಕಲಮನ್ನು ನಾನು ಕಿರಿಯ ವಕೀಲರಿಗೆ ತೋರಿಸಿದಾಗಲೆಲ್ಲ ಅವರು ಮುದ್ರಣದ ದೋಷವಿರಬಹುದೆಂದು ಅನುಮಾನಿಸುತ್ತಾರೆ.

ಶಿಲ್ಲಾಂಗ್ ಕನ್ನಡಿಗ:

ಕೆಲಸದ ನಿಮಿತ್ತ ಬಹಳ ಕಾಲದಿಂದ ಮೇಘಾಲಯದಲ್ಲಿದ್ದೇನೆ. ಬೆಣ್ಣೆನಗರಿಯವರ ಸಮಸ್ಯೆಗೆ ಖಾಸಿ ಜನರಲ್ಲಿ ಹಳೆಯ ಪರಿಹಾರವೊಂದಿದೆ.

ಖಾಸಿಗಳ ಕುಲಕ್ಕೆ ಕುರ್ ಎನ್ನುತ್ತಾರೆ, ಅದು ತಾಯಿಯಿಂದ ಬರುತ್ತದೆ. ಮೂಲಮನೆ ಮತ್ತು ಅದರ ಹೊಣೆ ಕೊನೆಯ ಮಗಳದು; ಅವಳನ್ನು ಖತ್‌ದುಹ್ ಎಂದು ಕರೆಯುತ್ತಾರೆ. ಮುಪ್ಪಿನ ತಂದೆತಾಯಿಯರನ್ನು, ಮದುವೆಯಾಗದ ಅಣ್ಣತಮ್ಮಂದಿರನ್ನು ನೋಡಿಕೊಳ್ಳುವವಳು ಅವಳೇ. ಕುಲದ ವಿಷಯದಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು. ಇವರಲ್ಲಿ ಬಹುಪಾಲು ಜನ ಈಗ ಕ್ರೈಸ್ತರಾಗಿದ್ದಾರೆ, ಮದುವೆ ಚರ್ಚಿನಲ್ಲಿ ನಡೆಯುತ್ತದೆ, ಆದರೂ ಕುರ್ ತಾಯಿಯದೇ.

ಖಾಸಿ ಗಂಡಸು ಹೊರಗಿನ ಹೆಣ್ಣನ್ನು ಮದುವೆಯಾದರೆ ಅವರ ಮಕ್ಕಳಿಗೂ ಕುಲವಿಲ್ಲದಂತಾಗುತ್ತದೆ. ಅದಕ್ಕೆ ಅವರು ಮಾಡುವ ಕ್ರಿಯೆಗೆ ತಾಂಗ್ ಜಾಯಿತ್ ಎಂದು ಹೆಸರು. ಹೊರಗಿನಿಂದ ಬಂದ ಆ ಹೆಣ್ಣನ್ನೇ ಮೂಲಮಾತೆಯಾಗಿ ಇಟ್ಟುಕೊಂಡು ಹೊಸದೊಂದು ಕುಲವನ್ನು ಆರಂಭಿಸುತ್ತಾರೆ. ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು ಆ ಕುಲದ ಖಾಸಿಗಳಾಗಿ ಮುಂದುವರಿಯುತ್ತಾರೆ. ಇಲ್ಲಿ ದ್ಖಾರ್ ಎಂದರೆ ಹೊರಗಿನವರು. ದ್ಖಾರ್ ಎಂಬ ಕುಲನಾಮವೂ ಖಾರ್ ಎಂದು ಆರಂಭವಾಗುವ ಹಲವು ಕುಲನಾಮಗಳೂ ಹೀಗೆ ಬಂದ ಹೆಣ್ಣುಗಳಿಂದ ಹುಟ್ಟಿದವು. ಅವುಗಳಲ್ಲಿ ಕೆಲವು ಇಂದು ಗಣ್ಯ ಮನೆತನಗಳು.

ಆದರೆ ಎಲ್ಲವೂ ಸುಗಮವಾಗಿದೆ ಎಂದೇನಲ್ಲ. ಖಾಸಿ ಹೆಣ್ಣು ಹೊರಗಿನವನನ್ನು ಮದುವೆಯಾದರೆ ಅವಳಿಗೂ ಅವಳ ಮಕ್ಕಳಿಗೂ ಖಾಸಿ ಸ್ಥಾನಮಾನ ಇರಕೂಡದೆಂದು ಅಲ್ಲಿನ ಸ್ವಾಯತ್ತ ಜಿಲ್ಲಾ ಮಂಡಳಿ 2018ರಲ್ಲಿ ಒಂದು ಮಸೂದೆಯನ್ನು ಅಂಗೀಕರಿಸಿ ದೊಡ್ಡ ವಿವಾದ ಎಬ್ಬಿಸಿತು. ತಾಯಿಯಿಂದಲೇ ಕುಲ ಎನ್ನುವವರು ಹೆಣ್ಣು ಯಾರನ್ನು ಮದುವೆಯಾದಳೆಂದು ನೋಡಿ ಅವಳ ಕುಲವನ್ನು ಕಸಿಯಲು ಹೊರಟರೆ, ಅವರ ಭಯ ಇರುವುದು ಭೂಮಿ ಕೈತಪ್ಪುವುದರ ಬಗ್ಗೆಯೇ ಹೊರತು ರಕ್ತದ ಬಗ್ಗೆ ಅಲ್ಲವೆಂದು ನನಗೆ ತೋರುತ್ತದೆ.

ಐನ್‌ಮನೆ:

ನಾನು ಕೊಡವತಿ. ನಮ್ಮ ಒಕ್ಕ (ಕುಲ) ತಂದೆಯ ಕಡೆಯದು, ಆದ್ದರಿಂದ ನಿಮ್ಮ ಮಗಳಂಥ ಮಗು ನಮ್ಮಲ್ಲಿ ತಂದೆಯ ಒಕ್ಕಕ್ಕೆ ಸೇರುವುದು ಕಷ್ಟವಲ್ಲ. ಹೊರಗೆ ಮದುವೆಯಾದ ನನ್ನಂಥವರ ಮಕ್ಕಳಿಗೆ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಜಾಗವಿಲ್ಲ. ಪಾರ್ಸಿಗಳ ವಿಷಯದಲ್ಲಿ 1908ರಲ್ಲಿ ಬೊಂಬಾಯಿ ಹೈಕೋರ್ಟು ಹೇಳಿದ್ದೂ ಇದೇ ಧಾಟಿಯದು: ಪಾರ್ಸಿ ತಂದೆಗೆ ಹೊರಗಿನ ಹೆಣ್ಣಿನಲ್ಲಿ ಹುಟ್ಟಿ, ಧರ್ಮಕ್ಕೆ ವಿಧಿಪೂರ್ವಕ ಸೇರಿಕೊಂಡ ಮಕ್ಕಳು ಪಾರ್ಸಿಗಳು. ತಾಯಿ ಪಾರ್ಸಿಯಾಗಿದ್ದರೆ ಆ ಮಾತು ಅನ್ವಯಿಸಲಿಲ್ಲ. ಯಹೂದಿಗಳಲ್ಲಿ ಇದಕ್ಕೆ ವಿರುದ್ಧವಾಗಿ ತಾಯಿ ಯಹೂದಿಯಾಗಿದ್ದರೆ ಮಾತ್ರ ಮಗು ಹುಟ್ಟಿನಿಂದ ಯಹೂದಿ. ಅಮೆರಿಕದ ಸುಧಾರಣಾವಾದಿ ಪಂಗಡ 1983ರಲ್ಲಿ ತಂದೆಯ ಕಡೆಯಿಂದಲೂ ಒಪ್ಪಬಹುದೆಂದಾಗ ಸಂಪ್ರದಾಯಸ್ಥರು ಒಪ್ಪಲಿಲ್ಲ.

ಆದರೆ ನಮ್ಮ ಹಿರಿಯರು ಕೂಡ ಬೇಕಾದಾಗ ದಾರಿ ಮಾಡಿಕೊಂಡಿದ್ದರು. ಗಂಡುಸಂತಾನವಿಲ್ಲದ ಒಕ್ಕದಲ್ಲಿ ಮಕ್ಕ ಪರಿಜೆ ಎಂಬ ಮದುವೆ ನಡೆಯುತ್ತಿತ್ತು. ಅದರಲ್ಲಿ ಹುಟ್ಟಿದ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಿದ್ದರು. ಸಾಮಾನ್ಯ ಮದುವೆಯಲ್ಲಿಯೂ ಹೆಣ್ಣಿನ ಹಕ್ಕುಗಳನ್ನು ಸಣ್ಣ ಕಲ್ಲುಗಳ ರೂಪದಲ್ಲಿ ಒಂದು ಕಡೆಯ ಅರುವ (ಒಕ್ಕದ ಪರವಾಗಿ ನಿಲ್ಲುವವನು) ಇನ್ನೊಂದು ಕಡೆಯ ಅರುವನಿಗೆ ಎಣಿಸಿ ಒಪ್ಪಿಸುವ ಕ್ರಮವಿದೆ. ಸಂಬಂಧ ಅಡ್ಕುವುದು ಎನ್ನುತ್ತೇವೆ. ಒಕ್ಕಕ್ಕೆ ವಾರಸುದಾರ ಬೇಕಾದಾಗ ನಿಯಮ ಬಗ್ಗುತ್ತಿತ್ತು, ಹೆಣ್ಣು ತಾನಾಗಿ ಕೇಳಿದರೆ ಬಗ್ಗುವುದಿಲ್ಲ. ನನ್ನ ತಕರಾರು ಇಷ್ಟೇ.

ಮೂಡುಬಿದಿರೆ ಮಾಸ್ಟ್ರು:

ಖಾಸಿಗಳ ಕ್ರಮ ಓದಿ ಸಂತೋಷವಾಯಿತು. ನಮ್ಮಲ್ಲಿ ಹದಿನಾರು ಬರಿ ಎಂಬುದು ರೂಢಿಯ ಮಾತು. ಹೊಸ ಬರಿ ಹುಟ್ಟಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ನಾನು ಬಲ್ಲ ಒಂದು ಮನೆಯಲ್ಲಿ ಹೀಗೆ ಮಾಡಿದರು: ಹೊರಗಿನಿಂದ ಬಂದ ವಧುವನ್ನು ಬೇರೆ ಬರಿಯ ಬಂಟ ದಂಪತಿಗಳು ಮಗಳಾಗಿ ಸ್ವೀಕರಿಸಿ, ತಾವೇ ಧಾರೆಯೆರೆದು ಕೊಟ್ಟರು. ಮಕ್ಕಳಿಗೆ ಆ ಬರಿ ಸಿಕ್ಕಿತು, ಯಾರೂ ಆಕ್ಷೇಪಿಸಲಿಲ್ಲ. ನಿಮ್ಮ ಮದುವೆಯಾಗಿಹೋಗಿದ್ದರೂ ದೈವದ ಮುಂದೆ ಪ್ರಾರ್ಥಿಸಿ ಇಂಥದ್ದೊಂದು ಏರ್ಪಾಡು ಮಾಡಿಕೊಳ್ಳಬಹುದೇನೋ.

ಉಡುಪಿ ವಕೀಲೆ:

ಅದು ಊರಿನ ಒಪ್ಪಿಗೆಯಷ್ಟೇ. 1956ರ ದತ್ತಕ ಕಾಯಿದೆಯಂತೆ, ರೂಢಿಯಿದೆಯೆಂದು ಸಾಬೀತುಪಡಿಸದ ಹೊರತು, 15 ವರ್ಷ ತುಂಬಿದವರನ್ನಾಗಲಿ ಮದುವೆಯಾದವರನ್ನಾಗಲಿ ದತ್ತು ತೆಗೆದುಕೊಳ್ಳುವಂತಿಲ್ಲ. ಮಾಡಿಕೊಳ್ಳುವವರು ಮಾಡಿಕೊಳ್ಳಲಿ, ಅದರಿಂದ ಆ ದಂಪತಿಗಳ ಆಸ್ತಿಯಲ್ಲಿ ಪಾಲು ಬರುತ್ತದೆಂದು ಭಾವಿಸಬಾರದು.

ಬೆಂದೂರಿನವಳು:

ಮಂಗಳೂರಿನ ಕ್ಯಾಥೊಲಿಕರಲ್ಲಿ ಮಗು ಸಭೆಗೆ ಸೇರುವುದು ಜ್ಞಾನಸ್ನಾನದಿಂದ, ಬರಿಯಿಂದಲೂ ಬೆಡಗಿನಿಂದಲೂ ಅಲ್ಲ. ಅನ್ಯಧರ್ಮದವರನ್ನು ಮದುವೆಯಾಗಲು ಬಿಷಪರ ಅನುಮತಿ ಬೇಕು. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ ಬೆಳೆಸಲು ನನ್ನಿಂದಾದುದೆಲ್ಲವನ್ನೂ ಮಾಡುತ್ತೇನೆಂದು ಕ್ಯಾಥೊಲಿಕ್ ಸಂಗಾತಿ ಮಾತು ಕೊಡಬೇಕು. ಜ್ಞಾನಸ್ನಾನಕ್ಕೆ ನಿಂತ ಧರ್ಮತಂದೆ, ಧರ್ಮತಾಯಿಯರೂ ಸಂಬಂಧಿಗಳೇ. ಎಷ್ಟರಮಟ್ಟಿಗೆಂದರೆ 1917ರ ಸಭಾಕಾನೂನಿನಲ್ಲಿ ಅವರೊಂದಿಗೆ ಮದುವೆಯೂ ನಿಷಿದ್ಧವಾಗಿತ್ತು. 1983ರ ಕಾನೂನಿನಲ್ಲಿ ಆ ನಿಷೇಧ ಉಳಿಯಲಿಲ್ಲ.

ಬೆಣ್ಣೆನಗರಿ:

ಎಲ್ಲರಿಗೂ ವಂದನೆಗಳು. ಬೆಂದೂರಿನವರ ಮಾತು ಓದುವಾಗ ನನಗೆ ನಮ್ಮ ಮನೆಯ ಕ್ರಮ ನೆನಪಾಯಿತು. ನಮ್ಮಲ್ಲೂ ಮೂಲದಲ್ಲಿ ಲಿಂಗಧಾರಣೆಯಿಂದಲೇ ಮಗು ಶರಣರ ಬಳಗಕ್ಕೆ ಸೇರುವುದು. ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿಸಿದವರು ಬೆಡಗು ನೋಡಿರಲಿಲ್ಲ. ಆಮೇಲೆ ನಾವು ನೋಡತೊಡಗಿದೆವು. ಮಗಳಿಗೆ ಲಿಂಗಧಾರಣೆ ಮಾಡಿಸಲು ನನ್ನ ತಂದೆ ಸಿದ್ಧರಿದ್ದಾರೆ, ಪತಿಗೂ ಒಪ್ಪಿಗೆಯಿದೆ.

ಮಾಸ್ಟ್ರೇ, ನೀವು ಸೂಚಿಸಿದ ದಾರಿಯ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನನಗೆ ಧಾರೆಯೆರೆದ ತಂದೆತಾಯಿ ಬದುಕಿರುವಾಗ ಮಗಳ ಬರಿಗೋಸ್ಕರ ಇನ್ನೊಬ್ಬ ತಾಯಿಯನ್ನು ಪಡೆಯಲು ನನಗೆ ಮನಸ್ಸಿಲ್ಲ. ಖಾಸಿಗಳಲ್ಲಿ ಹೊರಗಿನವಳು ಹೊರಗಿನವಳಾಗಿಯೇ ಮೂಲಮಾತೆಯಾಗುತ್ತಾಳೆ. ನಿಮ್ಮ ಏರ್ಪಾಡಿನಲ್ಲಿ ಅವಳು ಮೊದಲು ಒಳಗಿನವಳಂತೆ ಕಾಣಿಸಿಕೊಳ್ಳಬೇಕು. ನನಗೆ ಒಪ್ಪದಿರುವುದು ಇದೊಂದೇ.

ಮೂಡುಬಿದಿರೆ ಮಾಸ್ಟ್ರು:

ನಿಮ್ಮ ಮಾತಿಗೆ ಎದುರು ಹೇಳಲಾರೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಬರಿಯ ಮುಖ್ಯ ಉಪಯೋಗವೇ ಯಾರನ್ನು ಮದುವೆಯಾಗಬಾರದೆಂದು ತಿಳಿಯುವುದು. ನಿಮ್ಮ ಮಗಳಿಗೆ ಬರಿಯಿಲ್ಲವೆಂದರೆ ನಾಳೆ ಅವಳಿಗೆ ಯಾವ ಬಂಟ ಮನೆಯ ಸಂಬಂಧವೂ ಅಡ್ಡಿಯಾಗುವುದಿಲ್ಲ. ಅವಳ ಸೋದರತ್ತೆಯ ಮಗನೂ ಸೇರಿದಂತೆ.

ಹಾಸನದ ಹಳ್ಳಿಗ:

ಸೋದರತ್ತೆಯ ಮಗನೆಂದರೆ ನಮ್ಮಲ್ಲಿ ಮೊದಲ ಮರ್ಯಾದೆಯ ಸಂಬಂಧ!

ಉಡುಪಿ ವಕೀಲೆ:

1955ರ ಹಿಂದೂ ವಿವಾಹ ಕಾಯಿದೆಯ ಐದನೆಯ ಕಲಮಿನಂತೆ ಅಣ್ಣತಂಗಿಯರ ಮಕ್ಕಳ ನಡುವಿನ ಮದುವೆ ನಿಷಿದ್ಧ. ಎರಡೂ ಪಕ್ಷಗಳಿಗೆ ಅನ್ವಯಿಸುವ ರೂಢಿ ಅದಕ್ಕೆ ಅವಕಾಶ ಕೊಡುತ್ತಿದ್ದರೆ ಮಾತ್ರ ವಿನಾಯಿತಿ. ಬಂಟರಲ್ಲಿ ಆ ರೂಢಿಯನ್ನು ತೋರಿಸಬಹುದು. ಆದರೆ ಬರಿಯಿಲ್ಲದ ಹುಡುಗಿಗೆ ಯಾವ ಸಮುದಾಯದ ರೂಢಿ ಅನ್ವಯಿಸುತ್ತದೆ ಎಂಬುದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯ ಕೊಟ್ಟೇ ಸ್ಥಾಪಿಸಬೇಕಾದೀತು.

ಅದಕ್ಕಿಂತ ತುರ್ತಾದ ಕೆಲಸ ಬೇರೆ ಇದೆ. ಜೀರ್ಣೋದ್ಧಾರದ ಹೊತ್ತಿನಲ್ಲಿ ಅನೇಕ ಕುಟುಂಬಗಳು ದೈವಸ್ಥಾನವನ್ನು ಟ್ರಸ್ಟಿನ ಹೆಸರಿಗೆ ನೋಂದಾಯಿಸುತ್ತವೆ. ಆ ಪತ್ರದಲ್ಲಿ ಸದಸ್ಯರೆಂದರೆ ಯಾರು ಎಂದು ಬರೆದದ್ದೇ ಮುಂದಿನ ತಲೆಮಾರಿಗೆ ನಿಯಮವಾಗುತ್ತದೆ. ಆಡಳಿತ ಹೆಣ್ಣುಮಕ್ಕಳ ಸಂತತಿಗೇ ಇರಲಿ. ಸೇವೆ, ಹರಕೆ, ಪ್ರಸಾದದ ಹಕ್ಕಿಗೆ ಗಂಡುಮಕ್ಕಳ ಮಕ್ಕಳನ್ನೂ ಸೇರಿಸಿ ಎಂದು ನಿಮ್ಮ ಪತಿ ಈಗಲೇ ಲಿಖಿತವಾಗಿ ಕೇಳಿಕೊಳ್ಳಲಿ. ನೋಂದಣಿಯಾದ ಮೇಲೆ ತಿದ್ದಿಸುವುದು ಕಷ್ಟ.

ಬೆಣ್ಣೆನಗರಿ:

ಪತಿಯ ಅಕ್ಕನಿಗೆ ಈ ಚರ್ಚೆಯನ್ನು ಓದಿ ಹೇಳಿದೆ. ಟ್ರಸ್ಟಿನ ಪತ್ರದ ಕರಡು ಅವರ ಬಳಿಯೇ ಇದೆಯಂತೆ, ವಕೀಲೆಯವರು ಹೇಳಿದ ಸಾಲನ್ನು ಸೇರಿಸಲು ಮುಂದಿನ ಸಭೆಯಲ್ಲಿ ತಾವೇ ಸೂಚಿಸುತ್ತೇನೆಂದು ಒಪ್ಪಿದ್ದಾರೆ. ಕುಟುಂಬದಲ್ಲಿ ಅವರ ಮಾತು ನಡೆಯುತ್ತದೆ. ಮಕ್ಕಳ ಸಂಬಂಧದ ವಿಚಾರ ಬಂದಾಗ ಮಾತ್ರ, ಅವರ ಮಗನಿಗಿನ್ನೂ ಎಂಟು ವರ್ಷ, ನನ್ನ ಮಗಳಿಗೆ ಮೂರು, ವೇದಿಕೆಯ ಹಿರಿಯರು ಅಷ್ಟು ಆತುರಪಡುವುದು ಬೇಡವೆಂದು ತಿಳಿಸಲು ಹೇಳಿದ್ದಾರೆ.